ಯಾರೂ ಏಳದ ತರಗತಿ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಇಟಲಿಯ ಮಾಚೆರಾತಾ ಊರಿನ ಠಾಣೆಗೆ ದೂರು ಕೊಡಲು ಬಂದವರು ಪ್ರೊಫೆಸರ್ ಒತ್ತಾವಿಯಾ ಬ್ರಾಂದಿಮಾರ್ತೆ. ರೋಮನ್ ಅಪರಾಧ ಕಾನೂನಿನ ವಿದ್ವಾಂಸರು. ಸಾಕ್ಷಿಗಳ ಮನಸ್ಸು ಹೇಗೆ ಎಡವುತ್ತದೆಂದು ಹೊಸ ನ್ಯಾಯಾಧೀಶರಿಗೆ ತರಬೇತಿ ಕೊಡುವವರು. ಪಾಠದ ನಡುವೆ ಮುಖಕ್ಕೆ ಮಫ್ಲರ್ ಸುತ್ತಿಕೊಂಡವನೊಬ್ಬ ನುಗ್ಗಿ, ಮ್ಯೂಸಿಯಂನಿಂದ ಎರವಲು ತಂದಿದ್ದ ರೋಮನ್ ಕಾಲದ ಸೀಸದ ಫಲಕ ಎತ್ತಿಕೊಂಡು ಓಡಿದ್ದ.

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಎರ್ಸಿಲಿಯಾ ತರಗತಿಯಲ್ಲಿ ಪಂಚನಾಮೆ ಮುಗಿಸಿ ವಿಚಾರಣೆಗೆ ಕೂತಳು. ತರಬೇತಿಗೆ ಬಂದಿದ್ದ ನ್ಯಾಯಾಧೀಶರೆಲ್ಲ ಹೇಳಿದ್ದು ಒಂದೇ ಹೆಸರು: ಜವಾನ ನಜ್ಜರೇನೊ.

"ಮುಖ ಕಂಡಿತಾ?"

"ಇಲ್ಲ. ನೀಲಿ ಕೋಟು ಅವನದೇ."

"ಮೇಡಂ ಕೂಗಿಕೊಂಡ್ರೂ ಒಬ್ರೂ ಏಳಲಿಲ್ವಲ್ಲ?"

"ಪಾಠ ಅಂದ್ಕೊಂಡ್ವಿ. ಪ್ರತಿ ವರ್ಷ ಹೀಗೇ ಕಳ್ಳತನದ ನಾಟಕ ಆಡ್ಸಿ, ಕಂಡಿದ್ದನ್ನ ಬರೆಸ್ತಾರಂತೆ. ಕಳ್ಳನ ವೇಷ ನಜ್ಜರೇನೊದಂತೆ. ಸೀನಿಯರ್ಸ್ ಹೇಳಿದ್ರು."

"ನಾಳೆ ತೀರ್ಪು ಕೊಡೋರು ಇವರೇ," ಎಂದು ಕಾನ್‌ಸ್ಟೆಬಲ್ ಗೊಣಗಿದ.

ನಜ್ಜರೇನೊನನ್ನು ಠಾಣೆಗೆ ಕರೆತಂದರು. "ಕೋಟು ಗೂಟದ ಮೇಲಿತ್ತು ತಾಯೀ. ನಾನು ನೆಲಮಾಳಿಗೇಲಿ ಬಾಯ್ಲರ್ ರಿಪೇರಿ ಮಾಡ್ತಿದ್ದೆ."

"ನೋಡಿದವರು?"

"ಬಾಯ್ಲರ್ ಒಂದೇ."

ಸಂಜೆಯೊಳಗೆ ಅವನನ್ನು ಬಂಧಿಸಿ ಎಂದು ಪ್ರಾಸಿಕ್ಯೂಟರ್ ಫೋನ್ ಮಾಡಿದ. ಇಷ್ಟೊಂದು ಸಾಕ್ಷಿ ಸಾಲದೆ? ಎರ್ಸಿಲಿಯಾಗೆ ಸಾಲಲಿಲ್ಲ. ಇವರು ಕಂಡದ್ದನ್ನು ಹೇಳುತ್ತಿರಲಿಲ್ಲ, ಕೇಳಿದ್ದನ್ನು ಹೇಳುತ್ತಿದ್ದರು. ಅವಳು ಠಾಣೆಯಲ್ಲೇ ಕೂತಿದ್ದ ಪ್ರೊಫೆಸರ್ ಕಡೆ ತಿರುಗಿದಳು.

"ಈ ವರ್ಷವೂ ನಾಟಕ ಇತ್ತಾ?"

"ಇಲ್ಲ. ಗುಟ್ಟು ಹಳಸಿತು ಅಂತ ಬಿಟ್ಟೆ. ಎಲ್ಲರಿಗೂ ಹೇಳಿಸಿದ್ದೆನಲ್ಲ?"

"ಯಾರಿಗೂ ಗೊತ್ತಿಲ್ಲ. ಯಾರ ಕೈಲಿ ಹೇಳಿಸಿದ್ರಿ?"

ಮೇಡಂ ನಿಧಾನವಾಗಿ ಕನ್ನಡಕ ತೆಗೆದರು. "ನನ್ನ ಸಹಾಯಕ ಲೆಯಾಂದ್ರೊ. ಇವತ್ತು ಜ್ವರ ಅಂತ ರಜೆ."

ಲೆಯಾಂದ್ರೊನ ಮನೆಯ ಬಾಗಿಲು ತೆರೆದದ್ದು ಅವನ ತಾಯಿ.

"ಜ್ವರಾನಾ? ಈಗಷ್ಟೇ ಎರಡು ತಟ್ಟೆ ಲಸಾನ್ಯ ಮುಗಿಸಿದಾನೆ. ಕೂತ್ಕೊಳ್ಳಿ, ನಿಮಗೂ ಹಾಕ್ತೀನಿ."

ಕಪಾಟಿನಲ್ಲಿ ಮಫ್ಲರ್ ಸಿಕ್ಕಿತು. ಅದರೊಳಗೆ ಫಲಕ. ಲೆಯಾಂದ್ರೊನ ಬಂಧನವಾದಾಗ ಸಂಜೆ ಐದೂಕಾಲು. ನಜ್ಜರೇನೊನನ್ನು ಮನೆಗೆ ಕಳಿಸಲು ಎರ್ಸಿಲಿಯಾ ಠಾಣೆಗೆ ಫೋನ್ ಮಾಡಿದಳು.

ಜೀಪಿನಲ್ಲಿ ಕೇಳಿದಳು. "ಮಾರೋಕಾ?"

"ಅಲ್ಲ. ಅವರ ಪಾಠಗಳೆಲ್ಲ ನಾನು ಬರೆದದ್ದು. ಒಂದು ದಿನಾನೂ ನನ್ನ ಹೆಸರು ಹೇಳಿದವರಲ್ಲ. ಸಾಕ್ಷಿ ಬಗ್ಗೆ ಊರಿಗೆಲ್ಲ ಹೇಳ್ತಾರಲ್ಲ, ಅವರೇ ಸಾಕ್ಷಿಯಾಗ್ಲಿ ಅಂತ. ಎದುರಿಗೇ ನಿಂತಿದ್ದೆ, ಗುರುತು ಸಿಗ್ಲಿಲ್ಲ ಅವರಿಗೆ."

"ನಜ್ಜರೇನೊ ಜೈಲಿಗೆ ಹೋಗ್ತಿದ್ದ."



"ಗೂಟದಲ್ಲಿ ಸಿಕ್ಕ ಕೋಟು ಹಾಕ್ಕೊಂಡೆ," ಎಂದ ಲೆಯಾಂದ್ರೊ. "ಯಾರದು ಅಂತ ನೋಡ್ಲಿಲ್ಲ."