ಕಲ್ಲಚ್ಚಿನ ಮುಲ್ತಾನಿ

“ಬಿಡ್ರಿ ಪುಸ್ತಕಾ!”

“ನೀವು ಬಿಡ್ರಿ! ಹಿಂಗ ಜಗ್ಗಿದ್ರ ಹರೀತೈತಿ!”

ಹೊಳೆಮಣ್ಣೂರಿನ ಗಾಳೆವ್ವನ ಪಡಸಾಲೆಯಲ್ಲಿ, ಮಲಪ್ರಭೆಯ ನೆರೆಯಲ್ಲಿ ನೆನೆದು ಕೆಸರು ಮೆತ್ತಿದ ಟ್ರಂಕಿನ ಮುಂದೆ, ಒಂದೇ ಪುಸ್ತಕದ ಎರಡು ತುದಿ ಹಿಡಿದು ಇಬ್ಬರು ಕೂತಿದ್ದರು. ‘ಹರೀತೈತಿ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಹೇಶ್ವರಿಯ ಬೆರಳು ತಾನಾಗಿಯೇ ಸಡಿಲವಾಯಿತು.

ಎದುರು ಕೂತವನಿಗೆ ಅಷ್ಟೇ ಸಾಕಾಯಿತು! ಪುಸ್ತಕವನ್ನು ಎದೆಗೆ ಒತ್ತಿಕೊಂಡುಬಿಟ್ಟ.

ಛೇ! ಇಂಥವನ ಮಾತು ಕೇಳಿ ಕೈ ಬಿಟ್ಟೆನಲ್ಲ...

ಮಹೇಶ್ವರಿ ನರಗುಂದದಲ್ಲಿ ಸಂಗೀತ ಕಲಿಸುವವಳು. ಹಳೆಯ ಸ್ವರಲಿಪಿ ಪುಸ್ತಕಗಳೆಂದರೆ ಅವಳಿಗೆ ಹುಚ್ಚು. ಓರಗೆಯವರು ಸೀರೆ ಅಂಗಡಿಯ ಮುಂದೆ ನಿಂತರೆ ಇವಳು ರದ್ದಿ ಅಂಗಡಿಯ ಮುಂದೆ ನಿಲ್ಲುತ್ತಿದ್ದಳು. ಈ ಪುಸ್ತಕವಂತೂ ಶತಮಾನದ ಹಿಂದೆ ಕಲ್ಲಚ್ಚಿನಲ್ಲಿ ಮುದ್ರಣವಾದ ಹಿಂದೂಸ್ತಾನಿ ಚೀಜುಗಳ, ಅಂದರೆ ರಾಗಬದ್ಧ ಹಾಡುಗಳ ಸಂಗ್ರಹ, ಅದರಲ್ಲೂ ಮೊದಲ ಮುದ್ರಣ! ಆಮೇಲಿನ ಮುದ್ರಣಗಳೆಲ್ಲ ಅವಳ ಕಪಾಟಿನಲ್ಲಿದ್ದವು. ಮೊದಲನೆಯದನ್ನು ಮಾತ್ರ ಇವತ್ತೇ ಕಣ್ಣಾರೆ ಕಂಡದ್ದು.

“ಆಯಿ, ನೀವರ ಹೇಳ್ರಿ...” ಅವಳು ಗಾಳೆವ್ವನ ಕಡೆ ತಿರುಗಿದಳು.

ಗಾಳೆವ್ವನ ಯಜಮಾನರು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಮಾಸ್ತರರಾಗಿದ್ದವರು. ಪುಸ್ತಕ ಅವರದೇ. ಮುದುಕಿ ಇಬ್ಬರನ್ನೂ ನೋಡಿ ನಿಟ್ಟುಸಿರುಬಿಟ್ಟಳು.

“ನಿನಗಿಂತ ಮೊದಲ ಅಂವ ಬಂದಾನ, ತಂಗಿ. ಅವಗ ಕೊಡ್ತೀನಿ ಅಂತ ಅಂದುಬಿಟ್ಟೀನಿ.”

ಅವನ ಹೆಸರು ರಾಯಣ್ಣ, ಗಜೇಂದ್ರಗಡದ ಸೀರೆ ವ್ಯಾಪಾರಿ. ಹೊಸ್ತಿಲು ದಾಟುವಾಗ ತಿರುಗಿ ನೋಡಿ ನಕ್ಕ.

“ನೋಡಬೇಕನಿಸಿದ್ರ ಅಂಗಡಿಗೆ ಬರ್ರಿ, ಟೀಚರ್.”

ಆ ನಗು ಅವಳ ಮೈಯೆಲ್ಲ ಉರಿಸಿತು. ಆದರೆ ಮನೆಗೆ ಬಂದ ಮೇಲೂ ಕಣ್ಣ ಮುಂದಿನಿಂದ ಹೋಗಲೊಲ್ಲದು!

ವಾರ ಕಳೆಯುವುದರೊಳಗೆ ಮಹೇಶ್ವರಿಯ ಹಟ ಸೋತಿತು. ಬಸ್ಸು ಹಿಡಿದು ಗಜೇಂದ್ರಗಡಕ್ಕೆ ಬಂದಳು. ಅಂಗಡಿಯ ಮೆಟ್ಟಿಲು ಹತ್ತಿದವಳು ಒಳಗಿನ ಮೇಜು ನೋಡಿ ನಿಂತಲ್ಲೇ ನಿಂತಳು.

ಪುಸ್ತಕದ ಹೊಲಿಗೆ ಬಿಚ್ಚಿತ್ತು. ರಟ್ಟು ಒಂದು ಕಡೆ, ಹಾಳೆಗಳು ಒಂದು ಕಡೆ. ಪಕ್ಕದಲ್ಲೇ ಕತ್ತರಿ!

“ಏನ ಮಾಡೀರಿ ಇದನ್ನ? ಒಂದೊಂದು ಹಾಳಿಗೂ ಗಾಜಿನ ಕಟ್ಟು ಹಾಕಿಸಿ ಮಾರಾಕ ಹೊಂಟೀರೇನು? ಅರಿವಿ ಕತ್ತರಿಸೋ ಕೈಗೆ ಪುಸ್ತಕದ ಬೆಲಿ ಹ್ಯಾಂಗ ತಿಳೀಬೇಕು!”

ಸೀರೆ ಆರಿಸುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ರಾಯಣ್ಣನ ಮುಖ ಕೆಂಪಾಯಿತು. ಬಿಳಿ ಅರಿವೆಯ ಎರಡು ತುಂಡುಗಳ ನಡುವಿನಿಂದ ಒಂದು ಹಾಳೆಯನ್ನು ಮೆಲ್ಲಗೆ ಎತ್ತಿ ಅವಳ ಮುಂದೆ ಹಿಡಿದ.

ಅಂಚಿನುದ್ದಕ್ಕೂ ಕಪ್ಪು ಬೂಸು. ಹೊಳೆಯ ಕೆಸರಿನ ವಾಸನೆ.

“ಒಳಗ ಪೂರಾ ನೀರು ಕುಡದಿತ್ತು ರೀ. ಹೊಲಿಗಿ ಬಿಚ್ಚದಿದ್ರ ಒಂದ ಹಾಳಿನೂ ಉಳೀತಿರಲಿಲ್ಲ. ದಿನಾ ಅರಿವಿ ಬದಲಿಸಿ ಒಣಗಸಾಕತ್ತೀನಿ. ಒಣಗಿದ ಮ್ಯಾಲೆ ಮತ್ತ ಹೊಲಿಸ್ತೀನಿ.”

ಮಹೇಶ್ವರಿ ಹಾಳೆಯಿಂದ ತಲೆ ಎತ್ತಿದಳು. ಅವನ ಹಿಂದಿನ ಗಾಜಿನ ಕಪಾಟು ಈಗ ಕಣ್ಣಿಗೆ ಬಿತ್ತು. ಅದರ ತುಂಬ ಸೀರೆಯಲ್ಲ, ಹಳೆಯ ಸ್ವರಲಿಪಿ ಪುಸ್ತಕಗಳು! ಇವನಿಗೂ ನನ್ನದೇ ಹುಚ್ಚು...

“ಗಾಳೆವ್ವ ಕೊಡೋಮುಂದ ಒಂದ ಮಾತು ಕೇಳ್ಯಾರ,” ಎಂದ ರಾಯಣ್ಣ. “ಹೊತ್ತು ಇಳಿಯೋ ಮುಂದ ಅವರ ಯಜಮಾನ್ರು ದಿನಾ ಮುಲ್ತಾನಿ ರಾಗದ ಒಂದು ಚೀಜು ಹಾಡ್ತಿದ್ರಂತ. ಅವರು ಹೋದ ಮ್ಯಾಲೆ ಯಾರ ಬಾಯಾಗೂ ಅದನ್ನ ಕೇಳಿಲ್ಲ. ಸಾಯೂದ್ರೊಳಗ ಒಮ್ಮೆ ಕೇಳಸಪಾ ಅಂದ್ರು. ಮುಂದಿನ ಮುದ್ರಣದಾಗೆಲ್ಲ ಆ ಚೀಜು ಕೈಬಿಟ್ಟಾರ. ಇದರಾಗ ಅಷ್ಟ ಐತಿ. ನನಗ ಓದಾಕ ಬರತೈತಿ, ಹಾಡಾಕ ಬರಂಗಿಲ್ಲ. ನಿಮ್ಮನ್ನ ಕೇಳಬೇಕಂತ ನರಗುಂದಕ್ಕ ಬಂದಿದ್ದೆ...”

“ಮತ್ತ?”

“ನಿಮ್ಮ ಸಿಟ್ಟು ನೆನಪಾತು. ಬಸ್‌ಸ್ಟ್ಯಾಂಡಿನಿಂದನ ಹೊಳ್ಳಿ ಬಂದೆ.”

ಅಯ್ಯೋ ದೇವರೇ! ಎಂಥ ಮಾತು ಅಂದುಬಿಟ್ಟೆ ಇವನಿಗೆ!

ಮಹೇಶ್ವರಿ ಕಣ್ಣೊರೆಸಿಕೊಂಡು ಗಿರಾಕಿಗಳ ಕಡೆ ತಿರುಗಿದಳು.

“ಎಲ್ಲಾರ ಮುಂದ ಬೈದೀನಿ, ಎಲ್ಲಾರ ಮುಂದನ ಹೇಳ್ತೀನಿ. ತಪ್ಪು ನಂದು. ಕ್ಷಮಿಸ್ರಿ, ರಾಯಣ್ಣಾರ.”

“ಕ್ಷಮಿಸಿಬಿಡೋ ತಮ್ಮಾ!” ಎಂದಳೊಬ್ಬ ಮುದುಕಿ. “ಆಮ್ಯಾಲೆ ನಮಗ ಆ ಹಸರ ಸೀರಿ ತೋರಸು!”

ಇಡೀ ಅಂಗಡಿ ನಕ್ಕಿತು. ಮಹೇಶ್ವರಿಯೂ.

ಮುಲ್ತಾನಿಯ ಹಾಳೆ ಒಣಗಿದಾಗ ಒಂದು ತೊಡಕು ಎದುರಾಯಿತು. ಹಾಡಿನ ಎರಡನೆಯ ಭಾಗವಾದ ಅಂತರಾದ ಸಾಲಿನಲ್ಲಿ ಶಾಯಿ ತೊಳೆದು ಹೋಗಿತ್ತು. ಇಬ್ಬರೂ ರಾಯಣ್ಣನ ಬೈಕಿನಲ್ಲಿ ಹೊಳೆಮಣ್ಣೂರಿಗೆ ಓಡಾಡತೊಡಗಿದರು. ಮಹೇಶ್ವರಿ ಒಂದೊಂದು ಬಗೆಯಲ್ಲಿ ಹಾಡಿ ತೋರಿಸುವಳು, ಗಾಳೆವ್ವ ಕಣ್ಣು ಮುಚ್ಚಿ ತಲೆಯಾಡಿಸುವಳು.

“ಅಲ್ಲ ಮಗಳ... ಅಲ್ಲಿ ಏರಂಗಿಲ್ಲ. ಒಂಚೂರು ನಿಂತು, ಸಾವಕಾಶ ಇಳೀತಿದ್ರು.”

ಒಂದು ಮಧ್ಯಾಹ್ನ ಆ ಇಳಿತ ಸಿಕ್ಕಿತು. ಗಾಳೆವ್ವ ಕಣ್ಣು ತೆರೆದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಹೇಶ್ವರಿ ತಲೆ ಎತ್ತಿದರೆ ರಾಯಣ್ಣ ಹಾಳೆಯನ್ನಲ್ಲ, ಅವಳನ್ನೇ ನೋಡುತ್ತಿದ್ದ. ಅವಳ ಎದೆ ಒಮ್ಮೆ ತಾಳ ತಪ್ಪಿತು.

ಆ ಮುಲ್ತಾನಿಯನ್ನು ಗಾಳೆವ್ವನ ಎದುರು ಪೂರ್ತಿ ಹಾಡಲು ಮಹೇಶ್ವರಿ ಒಪ್ಪಿಕೊಂಡಿದ್ದ ರೋಣದ ಸಂಗೀತ ಸಭೆಯ ದಿನ ಬಂದಿತು. ಸಭಾಂಗಣದ ಬಾಗಿಲಲ್ಲಿ ಇಬ್ಬರ ಸಂಗ್ರಹವೂ ಒಂದೇ ಮೇಜಿನ ಮೇಲೆ ಕೂತಿತ್ತು. ಹೊಸ ಹೊಲಿಗೆ ಹಾಕಿಸಿಕೊಂಡ ಕಲ್ಲಚ್ಚಿನ ಪುಸ್ತಕ ನಡುವೆ.

“ಯಾರೂ ಕೇಳದ ಚೀಜು ಯಾಕ್ರೀ? ಜನ ಎದ್ದು ಹೋದಾರು. ಭಜನಿ ಹಾಡ್ರಿ,” ಎಂದರು ಸಭೆಯ ಹಿರಿಯರು.

“ಎದ್ದು ಹೋದ್ರ ಖಾಲಿ ಕುರ್ಚಿಗೆ ಹಾಡ್ತೀನ್ರಿ,” ಎಂದಳು ಮಹೇಶ್ವರಿ. “ಗಾಳೆವ್ವ ಒಬ್ಬರು ಕೂತಿದ್ರ ಸಾಕು.”

ಹೊತ್ತು ಇಳಿಯುತ್ತಿತ್ತು. ತಂಬೂರಿ ಮಿಡಿಯಿತು. ಮೊದಮೊದಲು ಹಿಂದಿನ ಸಾಲಿನಲ್ಲಿ ಗುಸುಗುಸು... ಹಾಡಿನ ಮೊದಲ ಭಾಗ ಸ್ಥಾಯಿ ಮುಗಿಯುವ ಹೊತ್ತಿಗೆ ಅದೂ ಅಡಗಿತು. ಅಂತರಾಕ್ಕೆ ಬಂದಾಗ ಅವಳು ಒಂಚೂರು ನಿಂತಳು. ಸಾವಕಾಶ ಇಳಿದಳು.

ಮುಂದಿನ ಸಾಲಿನಲ್ಲಿ ಗಾಳೆವ್ವ ಎದ್ದು ನಿಂತಳು!

“ಅವರದ... ನಮ್ಮವರದ ಇದು!”

ಹಾಡು ಮುಗಿದದ್ದೇ ಸಭಾಂಗಣ ಚಪ್ಪಾಳೆಯಿಂದ ಸಿಡಿಯಿತು. “ಇನ್ನೊಮ್ಮೆ! ಇನ್ನೊಮ್ಮೆ!” ಎಲ್ಲರಿಗಿಂತ ಜೋರಾಗಿ ಕೂಗಿದವರು ಆ ಹಿರಿಯರೇ. ಮಹೇಶ್ವರಿ ಮತ್ತೊಮ್ಮೆ ಹಾಡಿದಳು. ಈ ಸಲ ಗಾಳೆವ್ವನ ಒಡಕು ದನಿಯೂ ಜೊತೆಗೂಡಿತು.

ವೇದಿಕೆಯ ಹಿಂದೆ ರಾಯಣ್ಣ ಒಬ್ಬನೇ ನಿಂತಿದ್ದ. ಕಣ್ಣು ತುಂಬಿ ಬಂದಿತ್ತು.

“ಏನೂ ಹೇಳಂಗಿಲ್ಲೇನ್ರಿ?” ಅವಳು ಮೆಲ್ಲಗೆ ಕೇಳಿದಳು.

“ಹೇಳೂದು ಭಾಳ ಐತಿ... ಮಹೇಶ್ವರಿ, ನಾಳೆ ನಮ್ಮ ಅವ್ವನ್ನ ಕರಕೊಂಡು ನಿಮ್ಮ ಮನಿಗೆ ಬರ್ಲಿ?”

“ಯಾಕ? ನನ್ನ ಪುಸ್ತಕ ಕೇಳಾಕ?”

“ನಿಮ್ಮನ್ನ ಕೇಳಾಕ.”

ಅವಳ ಮುಖ ಅರಳಿತು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

“ಲಗೂ ಬರ್ರಿ. ಮುಂಜಾನಿ ಚಹಾ ಕುಡಿಯೋ ಹೊತ್ತಿನ್ಯಾಗ ನಮ್ಮಪ್ಪ ಯಾರಿಗೂ ಇಲ್ಲ ಅನ್ನಂಗಿಲ್ಲ.”

“ಮತ್ತ ನೀವು?”

“ನಾ...” ಮಹೇಶ್ವರಿ ಅವನ ಕಣ್ಣಲ್ಲಿ ಕಣ್ಣಿಟ್ಟು ನಕ್ಕಳು. “ನಾ ಆಗಲೇ ಹೂಂ ಅಂದಾಗೇತಿ. ನಿಮಗ ಕೇಳಿಸಿಲ್ಲಷ್ಟ!”