ಸೇತುವೆ ಕೆಳಗಿನ ಎರಡನೇ ದನಿ

೧೯೯೯ರಲ್ಲಿ ಹರಿಹರದಿಂದ ಹಾಂಗ್‌ಕಾಂಗ್‌ವರೆಗೆ ನನ್ನಂಥ ಜಾಝ್ ಗಾಯಕನಿರಲಿಲ್ಲ. ಬೇಕಾದರೆ ತುಂಗಭದ್ರೆಯನ್ನೇ ಕೇಳಿ. ಹೊಳೆಯ ಸೇತುವೆ ಕೆಳಗೆ ಒಬ್ಬನೇ ಕೂತು ಹಾಡಿದ ಕ್ಯಾಸೆಟ್ಟನ್ನು, ಇಂಟರ್‌ನೆಟ್ಟಿನಲ್ಲಿ ಪರಿಚಯವಾದ ಮೂವರು ವಿದೇಶಿ ಗಾಯಕರಿಗೆ ಅಂಚೆಯಲ್ಲಿ ಕಳಿಸಿದೆ.

ದಾವಣಗೆರೆಯ ವಿದ್ಯಾನಗರದಲ್ಲಿ ಸೈಬರ್ ಕೆಫೆ ಇಟ್ಟಿದ್ದ ಕೊಟ್ರೇಶ, ಆ ಗಾಯಕರಿಂದ ಬಂದ ಇ-ಮೇಲ್ ಉತ್ತರ ಓದಿ ಕಣ್ಣು ಮಿಟುಕಿಸಿದ. "ಮಾಲತೇಶಣ್ಣ, ಮೂವರೂ ಒಂದೇ ಕೇಳ್ಯಾರೆ. ನಿಮ್ಮ ಹಿಂದೆ ಹಾಡೋ ಹೆಣ್ಮಗಳು ಯಾರ್ರಿ?"

"ಯಾರೂ ಇಲ್ಲಲೇ!"

ಇಲ್ಲದವಳ ಮೇಲಿನ ಹೊಟ್ಟೆಕಿಚ್ಚಿಗೆ ಮತ್ತೆ ಅದೇ ಸೇತುವೆ ಕೆಳಗೆ ಗಂಟಲು ಹರಿಯುವಂತೆ ಹಾಡಿ ಕಳಿಸಿದೆ. ಹಾಡುವಾಗ ಮಟಮಟ ಮಧ್ಯಾಹ್ನದ ಝಳದಲ್ಲೂ ಕತ್ತಿನ ಹಿಂದೆ ತಣ್ಣನೆ ಉಸಿರು ತಾಗುತ್ತಿತ್ತು.

ಈ ಸಲದ ಉತ್ತರ ಓದಿ ಕೊಟ್ರೇಶ ನಗಲಿಲ್ಲ. "ಅವಳ ಹಾಡು ಭಾಳ ಚೆನ್ನಾಗೈತಂತೆ. ನೀವ್ಯಾಕ ಹಾಡ್ಲಿಲ್ಲ ಅಂತ ಕೇಳ್ಯಾರೆ."

ಮನೆಗೆ ಓಡಿ, ಉಳಿಸಿಕೊಂಡಿದ್ದ ಕ್ಯಾಸೆಟ್ ಪ್ರತಿಯನ್ನು ಟೇಪ್‌ರೆಕಾರ್ಡರಿಗೆ ಹಾಕಿದೆ. ನನ್ನ ದನಿಯೇ ಕೇಳಿತು, ನನ್ನದೊಂದೇ. ನಿರಾಳವಾಗಿ ಉಸಿರು ಬಿಟ್ಟೆ.

ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಯಾರ್ರಿ ಈ ಹೆಂಗ್ಸು?"