ಕೈಲಾಸವಾಸಿಗಳ ಫೋಲ್ಡರ್

"ಹಳೇ ಹಾರ್ಡ್ ಡಿಸ್ಕ್ ಹೊಸಾ ಕಂಪ್ಯೂಟರಿಗೆ ಬೇಕಾದ್ರ ಹಚ್ಚು, ಹೇಮಂತ. ಆದ್ರ ಸತ್ತವರ ಫೋಲ್ಡರ್ ಮಾತ್ರ ಬದುಕಿದ್ದವರ ಫೋಟೋದಾಗ ಕಲಸಬ್ಯಾಡ," ಎಂದರು ಸುಲಭಾ ಕಾಕು, ಸ್ಟುಡಿಯೋದ ಚಾವಿ ಕೊಡುತ್ತ.

ಕಾಕುವಿನ ಗಂಡ ಕೃಷ್ಣಾಜಿ ತೀರಿಕೊಂಡ ಮೇಲೆ ಬ್ಯಾಡಗಿಯ ಆ ಫೋಟೋ ಸ್ಟುಡಿಯೋವನ್ನು ಹಾವೇರಿಯ ಹೇಮಂತ ಸಾಮಾನು ಸಮೇತ ಕೊಂಡಿದ್ದ. ಕೃಷ್ಣಾಜಿಗೊಂದು ಶಿಸ್ತಿತ್ತು. ಹಾರ ಹಾಕುವ ಫೋಟೋ ಮಾಡಿಸಲು ಯಾರಾದರೂ ಬಂದರೆ, ಸತ್ತವರ ಮುಖವನ್ನು ಹಳೆಯ ಮದುವೆ ಫೋಟೋದಿಂದ ಕತ್ತರಿಸಿ ಬಿಡಿಸಿ 'ಕೈಲಾಸವಾಸಿ' ಎಂಬ ಬೇರೆ ಫೋಲ್ಡರಿನಲ್ಲಿಡುವುದು. ಆದರೂ ಒಮ್ಮೆ ಕೈ ತಪ್ಪಿತು. ಮೋಟೆಬೆನ್ನೂರಿನ ರುದ್ರಮುನಿಯ ಹಿರಿಮಗ ಸತ್ತಾಗ, ಶ್ರದ್ಧಾಂಜಲಿ ಬ್ಯಾನರಿನಲ್ಲಿ ಅಣ್ಣನಂತೆಯೇ ಇದ್ದ ತಮ್ಮನ ಮುಖ ಬಂದುಬಿಟ್ಟಿತು. ಮೂರನೆಯ ದಿನ ಆ ತಮ್ಮನೂ ಹೋದ. ರುದ್ರಮುನಿ ಮಾಟ ಬಲ್ಲವನು. ಮಕ್ಕಳ ಚಿತೆಯ ಬೂದಿಯನ್ನು ಡಿಸ್ಕಿನ ಮೇಲೆ ಚೆಲ್ಲಿ, "ಇದರೊಳಗ ಬಂದ ಜೀವ ಹೊರಗ ಹೋಗಬಾರ್ದು" ಎಂದು ಶಪಿಸಿ ಹೋಗಿದ್ದ. ಕಾಕು ಇದನ್ನೆಲ್ಲ ಹೇಳಿದರು.

"ಬೂದಿ ಒರಸಿದ್ರ ಮುಗೀತಲ್ಲ ಕಾಕೂ. ನಿಮ್ಮ ಕತಿ ಕೇಳಾಕ ನನಗ ಪುರಸತ್ತಿಲ್ಲ," ಎಂದ ಹೇಮಂತ. ನಾಲ್ಕು ದಿನ ಚಾವಿಗಾಗಿ ಅಲೆದಾಡಿಸಿದ್ದಕ್ಕೆ ಅವನಿಗೆ ಮೈಯೆಲ್ಲ ಉರಿ ಎದ್ದಿತ್ತು.

ಮಧ್ಯಾಹ್ನ ಮಾರುಕಟ್ಟೆಯ ಮೆಣಸಿನಕಾಯಿಯ ಘಾಟಿಗೆ ಶಟರನ್ನು ಅರ್ಧ ಇಳಿಸಿ ಕೂತ. ಒಳಗೆ ಕತ್ತಲೆ. ಹಳೆಯ ಡಿಸ್ಕು ಹಲ್ಲು ಕಡಿದಂತೆ ಕಟಕಟ ಅನ್ನುತ್ತಿತ್ತು. ಹೊಸ ಕಂಪ್ಯೂಟರಿಗೆ ಮುಖ ಗುರುತಿಸಿ ತಾನೇ ವಿಂಗಡಿಸುವ ಜಾಣತನವಿತ್ತು. ಒಂದೊಂದನ್ನೇ ನೋಡಿ ಎತ್ತಿಡುವ ಗೋಜು ಯಾರಿಗೆ ಬೇಕು ಮಾರಾಯ, ಎಂದುಕೊಂಡು ತನ್ನ ಮನೆಯವರ ಫೋಟೋಗಳ ಸಮೇತ ಎಲ್ಲ ಫೋಲ್ಡರುಗಳನ್ನೂ ಒಟ್ಟಿಗೆ ಎಳೆದುಹಾಕಿ ವಿಂಗಡಿಸಲು ಬಿಟ್ಟ. ಸೊಕ್ಕು ಅಂದರೆ ಅದು.

ಅರ್ಧ ತಾಸಿಗೆ ಕೋಣೆಯಲ್ಲಿ ಮೆಣಸಿನಕಾಯಿಯ ವಾಸನೆ ಅಡಗಿತು. ಕೊಳೆತ ಸೇವಂತಿಗೆಯ ವಾಸನೆ ಎದ್ದಿತು. ಪರದೆಯ ಮೇಲೆ 'ಕೈಲಾಸವಾಸಿ' ತೆರೆದಿತ್ತು. ಅದರಲ್ಲಿ ತೀರಿಹೋದ ಅವನ ತಾಯಿ; ಆಕೆಯ ಹಾರದ ಫೋಟೋ ಕೃಷ್ಣಾಜಿಯೇ ಮಾಡಿದ್ದು. ತಾಯಿಯ ಪಕ್ಕದಲ್ಲಿ, ಹುಟ್ಟುಹಬ್ಬದ ಜರಿ ಲಂಗದಲ್ಲಿ, ಅವನ ಐದು ವರ್ಷದ ಮಗಳು ಋತುಜಾ. ಅಜ್ಜಿಯದೇ ಪಡಿಯಚ್ಚು ಮುಖ. ಕಂಪ್ಯೂಟರು ಇಬ್ಬರನ್ನೂ ಒಬ್ಬರೆಂದೇ ತಿಳಿದಿತ್ತು. ಫೋಟೋದಲ್ಲಿ ಹುಡುಗಿಯ ಕೊರಳಿಗೆ ಯಾರೂ ಹಾಕದ ಹಾರವೊಂದು ಬಿದ್ದಿತ್ತು.

ಫೋನು ರಿಂಗಣಿಸಿತು. ಹಾವೇರಿಯಿಂದ ಹೆಂಡತಿ ನಂದಿತಾ.

"ಋತುಜಾಗ ಉಸರ ಹಿಡದೈತಿ. ತುಟಿ ನೀಲಿ ಆಗ್ಯಾವ. ಲಗೂ ಬರ್ರಿ."

ಅವನು ಫೋಟೋ ಅಳಿಸಿದ. ಬಂತು. ಮತ್ತೆ ಅಳಿಸಿದ. ಮತ್ತೆ ಬಂತು. ಕರೆಂಟಿನ ವೈರು ಕಿತ್ತ. ಪರದೆ ಆರಲಿಲ್ಲ. ಡಿಸ್ಕು ಕಟಕಟ ಅನ್ನುತ್ತಲೇ ಇತ್ತು. ಕಾಕುವಿಗೆ ಫೋನು ಹಚ್ಚಿದ.

"ಬಡಕೊಂಡೆ ನಿನಗ," ಕಾಕುವಿನ ದನಿ ಸಿಟ್ಟಿನಿಂದ ನಡುಗುತ್ತಿತ್ತು. "ಒಂದು ಜೀವ ಅದರಾಗಿಂದ ಹೊರಗ ತಗೀಬೇಕಂದ್ರ ಇನ್ನೊಂದು ಹಾಕಬೇಕು. ಹಿಂದ ನನ್ನ ಫೋಟೋ ತಪ್ಪಿ ಅದರೊಳಗ ಹೋಗಿತ್ತು. ನಮ್ಮವರು ತಮ್ಮದನ್ನ ಹಾಕಿ ನನ್ನ ಉಳಿಸಿದ್ರು. ಅವರು ಹೆಂಗ ಹೋದ್ರು ಅಂತ ತಿಳದೀದಿ? ನಿನ್ನ ಮಗಳು, ನಿನ್ನ ತಪ್ಪು. ನಿನ್ನ ಫೋಟೋ ಹಾಕು."

ಹೇಮಂತ ತನ್ನ ಫೋಟೋ ಹುಡುಕಿದ. ಸಿಕ್ಕಿತು. ಬೆರಳು ಮುಂದೆ ಹೋಗಲಿಲ್ಲ. ನಾನ್ಯಾಕೆ? ಈ ದರಿದ್ರವನ್ನು ನನ್ನ ಕೊರಳಿಗೆ ಕಟ್ಟಿದವಳು ಈ ಮುದುಕಿ. ಗಂಡನನ್ನು ನುಂಗಿ ಕೂತವಳು. ಹೋಗುವುದಿದ್ದರೆ ಇವಳೇ ಹೋಗಲಿ. ಸಿಟ್ಟು ನೆತ್ತಿಗೇರಿ ಕಣ್ಣು ಮಂಜಾಯಿತು. ಬೆಳಿಗ್ಗೆ ಚಾವಿ ಕೊಡುವಾಗ ಪಕ್ಕದ ಅಂಗಡಿಯವನು ತೆಗೆದುಕೊಟ್ಟಿದ್ದ ಕಾಕುವಿನ ಫೋಟೋ ಮೊಬೈಲಿನಲ್ಲಿತ್ತು. ಮೊಬೈಲಿನ ಕೇಬಲ್ಲನ್ನು ಕಂಪ್ಯೂಟರಿಗೆ ಸಿಕ್ಕಿಸಿದ. ಎಳೆದ. 'ಕೈಲಾಸವಾಸಿ'ಯ ಒಳಗೆ ತುರುಕಿದ.

ಋತುಜಾಳ ಮುಖ ಮಾಯವಾಯಿತು. ಕಾಕುವಿನ ಕರೆಯ ನಡುವೆ ಮೊಬೈಲಿನ ಮೇಲೆ ನಂದಿತಾಳ ಮೆಸೇಜು ಮೂಡಿತು: "ಉಸರಾಡಾಕತ್ತಾಳ. ಕಣ್ಣ ಬಿಟ್ಟಾಳ."

ಅವನು ನಕ್ಕ. ನಾಚಿಕೆಯಿಲ್ಲದೆ ನಕ್ಕ.

ಫೋನಿನ ಆ ಕಡೆ ಕಾಕು ಕೆಮ್ಮತೊಡಗಿದ್ದರು. "ಯಾರನ್ನ... ಯಾರನ್ನ ಹಾಕಿದಿ, ತಮ್ಮಾ?"

ಹೇಮಂತ ಪರದೆ ನೋಡಿದ. ಚಾವಿ ಕೊಡುತ್ತಿದ್ದ ಕಾಕುವಿನ ಕೊರಳಲ್ಲಿ ಹಾರವಿತ್ತು. ದಿನಕ್ಕೆ ನೂರು ಮುಖ ಕತ್ತರಿಸಿ ಬಿಡಿಸುವ ಕಸುಬಿನವನು, ಸಿಟ್ಟಿನಲ್ಲಿ ಆ ಒಂದು ಫೋಟೋ ಕತ್ತರಿಸುವುದನ್ನು ಮರೆತಿದ್ದ. ಅದರಲ್ಲಿ ಅವನೂ ಇದ್ದ. ಚಾವಿಗೆ ಕೈಯೊಡ್ಡಿ ನಿಂತಿದ್ದ.

ಉತ್ತರ ಹೇಳಲು ಅವನು ಬಾಯಿ ತೆರೆದ. ಉಸಿರು ಬರಲಿಲ್ಲ.